ಹೆಂಚು ಎಣಿಸುತ್ತಿದ್ದ ಹುಡುಗಿ: ಮನಸ್ಸಿನ ಭಾಗಗಳೊಡನೆ ನಡೆದ ಒಂದು ಆಘಾತ ಚಿಕಿತ್ಸೆಯ ಪ್ರಕರಣ

ಈ ಪ್ರಕರಣದ ಮಹಿಳೆ ನನ್ನ ಬಳಿ ಮೊದಲ ಸಲ ಬಂದಾಗ ಅವರಿಗೆ 34 ವರ್ಷ. ಹುಟ್ಟಿ ಬೆಳೆದದ್ದು ಬಯಲುಸೀಮೆಯ ಒಂದು ಹಳ್ಳಿಯಲ್ಲಿ; ಈಗ ಬೆಂಗಳೂರಿನಲ್ಲಿ ಉದ್ಯೋಗ, ಗಂಡ, ಆರು ವರ್ಷದ ಮಗ. ಅವರ ಲಿಖಿತ ಒಪ್ಪಿಗೆ ಪಡೆದು, ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿ, ಬರೆದದ್ದನ್ನು ಅವರಿಗೇ ಓದಿಸಿದ ನಂತರ ಇದನ್ನು ದಾಖಲಿಸುತ್ತಿದ್ದೇನೆ. ಓದಿದ ಮೇಲೆ ಅವರು ಎರಡು ಕಡೆ ತಿದ್ದಿಸಿದರು. ಒಂದು ಕಡೆ ನಾನು ಅವರ ಸಿಟ್ಟನ್ನು ಮೃದುಗೊಳಿಸಿ ಬರೆದಿದ್ದೆ. ಇನ್ನೊಂದು ಕಡೆ ನನ್ನ ತಪ್ಪನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೆ. ಎರಡನ್ನೂ ಅವರು ಹೇಳಿದಂತೆಯೇ ಇಟ್ಟಿದ್ದೇನೆ.

ಅವರು ಬಂದದ್ದು ಒಂದು ಲೋಟ ಹಾಲಿನ ದೆಸೆಯಿಂದ. ಒಂದು ಸಂಜೆ ಮಗ ಊಟದ ಮೇಜಿನ ಮೇಲೆ ಹಾಲು ಚೆಲ್ಲಿದ. ಅವರು ಕೈ ಎತ್ತಿದರು, ಹೊಡೆಯಲಿಲ್ಲ. ಆದರೆ ಮಗು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಕುರ್ಚಿಯ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಿತು. "ಅವನಿಗೆ ಇದುವರೆಗೂ ಯಾರೂ ಒಂದೇಟು ಹೊಡೆದಿಲ್ಲ. ಆದ್ರೂ ನಾನು ಕೂರ್ತಿದ್ದ ಹಾಗೇ ಕೂತ" ಎಂದು ಹೇಳುವಾಗ ಅವರ ದನಿಯಲ್ಲಿ ಅಳು ಇರಲಿಲ್ಲ, ಹಾಲು ತರಕಾರಿಯ ಲೆಕ್ಕ ಒಪ್ಪಿಸುವವರ ಸಮತೋಲನವಿತ್ತು. ಆ ಸಮತೋಲನವೇ ನನ್ನ ಗಮನ ಸೆಳೆದ ಮೊದಲ ಸಂಗತಿ.

ಉಳಿದ ತೊಂದರೆಗಳು ಹಳೆಯವು. ರಾತ್ರಿ ಎರಡರ ಹೊತ್ತಿಗೆ ಎಚ್ಚರವಾಗುತ್ತಿತ್ತು. ಪಾಳಿ ಮುಗಿಸಿ ತಡವಾಗಿ ಬರುವ ಗಂಡ ಗೇಟಿನ ಚಿಲಕ ತೆಗೆದ ಸದ್ದಿಗೆ ಎದೆ ಝಲ್ಲೆನ್ನುತ್ತಿತ್ತು, ಅಂಗೈ ಬೆವರುತ್ತಿತ್ತು. ಆಮೇಲೆ ನಿದ್ದೆ ಹತ್ತದೆ ಎದ್ದು ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸುತ್ತಿದ್ದರು. ಕಚೇರಿಯ ಸಭೆಗಳಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಕೆಲವು ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಏನು ಮಾಡಿದೆ ಎಂಬುದು ಹೊಗೆಯಾಡಿದಂತೆ ಮಸುಕಾಗಿರುತ್ತಿತ್ತು. ಗಂಡ ಸೌಮ್ಯ ಸ್ವಭಾವದವರು, ಕುಡಿಯುವವರಲ್ಲ. ಈ ವಿಷಯವನ್ನು ನಾನು ದಂಪತಿಯನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿ ಖಚಿತಪಡಿಸಿಕೊಂಡೆ, ಏಕೆಂದರೆ ಮನೆಯಲ್ಲಿ ಇಂದಿಗೂ ಹಿಂಸೆ ನಡೆಯುತ್ತಿದ್ದರೆ ಹಳೆಯ ಗಾಯಕ್ಕೆ ಕೈಹಾಕುವ ಮೊದಲು ಇಂದಿನ ಸುರಕ್ಷತೆಯನ್ನು ನೋಡಬೇಕಾಗುತ್ತದೆ.

ಬಾಲ್ಯದ ಕಥೆಯನ್ನು ಮೊದಲ ಭೇಟಿಯಲ್ಲಿ ಅವರು ನಾಲ್ಕು ವಾಕ್ಯಗಳಲ್ಲಿ ಮುಗಿಸಿದರು. ತಂದೆ ಸಾರಾಯಿ ಕುಡಿದು ಬಂದು ತಾಯಿಯನ್ನು ಹೊಡೆಯುತ್ತಿದ್ದರು. ಗೇಟಿಗೆ ಹಾಕಿದ್ದ ಕಬ್ಬಿಣದ ಚಿಲಕದ ಸದ್ದು ಕೇಳಿದ ಕೂಡಲೇ ಇವರು ಅಟ್ಟ ಹತ್ತುತ್ತಿದ್ದರು. ರಾಗಿ ಮೂಟೆಗಳ ಹಿಂದೆ ಕುಳಿತಿರುತ್ತಿದ್ದರು. ಬೆಳಿಗ್ಗೆ ಎಲ್ಲರೂ ಏನೂ ಆಗದವರಂತೆ ಇರುತ್ತಿದ್ದರು. ಊರೂರಿನಲ್ಲಿ ಸಾರಾಯಿ ಪ್ಯಾಕೆಟ್ ಸುಲಭವಾಗಿ ಸಿಗುತ್ತಿದ್ದ ಕಾಲ ಅದು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಗುವ ಹೊತ್ತಿಗೆ ಇವರು ಪಿಯುಸಿ ಮುಗಿಸಿ ಹಾಸ್ಟೆಲ್ ಸೇರಿಯಾಗಿತ್ತು.

ನನಗಿಂತ ಮೊದಲು

ನಾನು ಅವರ ಮೂರನೆಯ ಚಿಕಿತ್ಸಕಿ. ಮೊದಲ ಇಬ್ಬರ ಬಳಿ ಆದದ್ದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮುಂದಿನ ಚಿಕಿತ್ಸೆಯ ದಿಕ್ಕನ್ನು ನಿರ್ಧರಿಸಿದ್ದು ಆ ಎರಡು ಅನುಭವಗಳೇ.

ಮೊದಲನೆಯವರು ಪರಿಚಿತರೊಬ್ಬರು ಸೂಚಿಸಿದ ಆಪ್ತಸಮಾಲೋಚಕರು. ಮೂರು ಭೇಟಿಗಳಲ್ಲಿ ಮೂರು ಸಲವೂ ಮಾತು ಬಂದು ನಿಂತದ್ದು ಕ್ಷಮೆಯ ಮೇಲೆ: ಹೆತ್ತ ತಂದೆಯಲ್ಲವೇ, ಅವರಿಗೂ ವಯಸ್ಸಾಯಿತಲ್ಲವೇ, ಕ್ಷಮಿಸಿದರೆ ನಿಮಗೇ ಹಗುರವಾಗುತ್ತದೆ. ಇವರು ಶ್ರದ್ಧೆಯಿಂದ ಪ್ರಯತ್ನಿಸಿದರು. ತಂದೆಗೆ ಫೋನ್ ಮಾಡಿ ಕುಶಲ ಕೇಳಿದರು. ಅಂದು ರಾತ್ರಿ ಅಡುಗೆಮನೆಯ ಡಬ್ಬಗಳನ್ನು ಎರಡು ಸಲ ಒರೆಸಿದರು.

ಎರಡನೆಯವರು ವಿದ್ಯಾವಂತರು, ತರಬೇತಿ ಪಡೆದವರು, ಸದುದ್ದೇಶದವರು. ಎರಡನೆಯ ಭೇಟಿಯಲ್ಲೇ ಕಣ್ಣು ಮುಚ್ಚಿಸಿ, ಅತ್ಯಂತ ಕೆಟ್ಟ ರಾತ್ರಿಯನ್ನು ವರ್ತಮಾನ ಕಾಲದಲ್ಲಿ ಹೇಳಲು ಕೇಳಿದರು. ಇವರು ಹೇಳಿದರು, ವಿಧೇಯತೆ ಅವರಿಗೆ ಚಿಕ್ಕಂದಿನಿಂದ ರೂಢಿಯಾದದ್ದು. ಹೊರಗೆ ಬಂದು ಬಸ್ಸು ಹತ್ತಿದವರು ತಮ್ಮ ನಿಲ್ದಾಣ ದಾಟಿ ಕೊನೆಯ ನಿಲ್ದಾಣದವರೆಗೆ ಹೋಗಿದ್ದು ಅವರಿಗೆ ತಿಳಿಯಲೇ ಇಲ್ಲ. ಮುಂದಿನ ಮೂರು ವಾರ ನಿದ್ದೆ ಪೂರ್ತಿ ಕೆಟ್ಟಿತು. ಮತ್ತೆ ಅಲ್ಲಿಗೆ ಹೋಗಲಿಲ್ಲ, ಏಕೆ ಹೋಗಲಿಲ್ಲವೆಂದು ಆ ಚಿಕಿತ್ಸಕರಿಗೆ ತಿಳಿಸಲೂ ಇಲ್ಲ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ನೆನಪನ್ನು ಎದುರಿಸುವ ವಿಧಾನಗಳಲ್ಲಿ ದೋಷವಿಲ್ಲ. ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಅರಿವಿನ ವರ್ತನಾ ಚಿಕಿತ್ಸೆ ಮತ್ತು ಕಣ್ಣುಗಳನ್ನು ಅತ್ತಿತ್ತ ಆಡಿಸುತ್ತ ನೆನಪನ್ನು ಎದುರಿಸುವ ಇಎಂಡಿಆರ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರ ತನ್ನ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ, ಮತ್ತು ಅವುಗಳ ಹಿಂದಿರುವ ಪುರಾವೆ ನಾನು ಬಳಸಿದ, ಮನಸ್ಸಿನ ಬೇರೆ ಬೇರೆ ಭಾಗಗಳೊಡನೆ ಮಾತಾಡುವ ವಿಧಾನದ ಪುರಾವೆಗಿಂತ ಬಹಳ ಗಟ್ಟಿಯಾದದ್ದು. ಆದರೆ ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲೇ ಒತ್ತಿ ಹೇಳಿದಂತೆ, ಆಘಾತದಿಂದ ಚೇತರಿಸಿಕೊಳ್ಳುವ ಮೊದಲ ಘಟ್ಟ ಸುರಕ್ಷತೆ. ನೆನಪು ಮತ್ತು ಶೋಕ ಅದರ ನಂತರದ್ದು. ಇವರ ವಿಷಯದಲ್ಲಿ ಆ ಮೊದಲ ಘಟ್ಟವನ್ನೇ ಹಾರಿದಂತಾಗಿತ್ತು. ನೋವು ಹೊರಬರದಂತೆ ತಡೆಯುವ ಒಳಗಿನ ಕಾವಲುಗಾರರನ್ನು ಕೇಳದೆ ಯಾರೋ ಅಟ್ಟದ ಏಣಿ ಹತ್ತಿಬಿಟ್ಟಿದ್ದರು.

ಮುಂದಿನ ಎಂಟು ತಿಂಗಳು ಅವರು ಯಾರ ಬಳಿಯೂ ಹೋಗಲಿಲ್ಲ. ಹಾಲಿನ ಪ್ರಸಂಗದ ನಂತರ ಮತ್ತೆ ಹುಡುಕಲು ಹೊರಟಾಗ, ಮಗನ ಹಳೆಯ ನೋಟ್‌ಬುಕ್ಕಿನ ಹಿಂಬದಿಯ ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ನಾಲ್ವರಿಗೆ ಫೋನ್ ಮಾಡಿದರು. ನಾನು ಮೂರನೆಯವಳು. ನೀವು ಏನು ಓದಿದ್ದೀರಿ, ನೋಂದಣಿ ಸಂಖ್ಯೆ ಇದೆಯೇ ಎಂಬುದು ಮೊದಲ ಪ್ರಶ್ನೆ. ಕನ್ನಡದಲ್ಲಿ ಮಾತಾಡಬಹುದೇ ಎಂಬುದು ಎರಡನೆಯದು. ನಾನು "ಸಾಕು" ಅಂದರೆ ನೀವು ಏನು ಮಾಡುತ್ತೀರಿ? ಎಲ್ಲವನ್ನೂ ಹೇಳಲೇಬೇಕೇ? ನಿಮ್ಮ ಬಳಿ ಬಂದು ಯಾರಿಗಾದರೂ ಹೆಚ್ಚು ತೊಂದರೆ ಆಗಿದೆಯೇ, ಆಗ ಏನು ಮಾಡಿದಿರಿ?

ಈ ಕಡೆಯ ಪ್ರಶ್ನೆಯನ್ನು ಇಷ್ಟು ವರ್ಷಗಳಲ್ಲಿ ನನಗೆ ಕೇಳಿದವರು ಬಹಳ ಕಡಿಮೆ. ಹೌದು, ಆಗಿದೆ ಎಂದೆ. ವೇಗ ತಗ್ಗಿಸಿದೆ, ಒಬ್ಬರನ್ನು ನನಗಿಂತ ಹೆಚ್ಚು ಅನುಭವವಿರುವವರ ಬಳಿ ಕಳುಹಿಸಿದೆ ಎಂದೆ. ಆ ಉತ್ತರ ಕೇಳಿಯೇ ಭೇಟಿಗೆ ಸಮಯ ಗೊತ್ತುಮಾಡಿದ್ದಾಗಿ ಅವರು ನಂತರ ತಿಳಿಸಿದರು. ಉಳಿದವರಲ್ಲಿ ಒಬ್ಬರು ಆರು ಭೇಟಿಗಳಲ್ಲಿ ಟ್ರಾಮಾ ವಾಸಿಯಾಗುತ್ತದೆ ಎಂದು ಭರವಸೆ ಕೊಟ್ಟಿದ್ದರಂತೆ. ಅಂಥ ಭರವಸೆಯನ್ನು ಕೇಳಿದ ಕೂಡಲೇ ಫೋನ್ ಇಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಓದಿನ ಬಗೆಗಿನ ಪ್ರಶ್ನೆ ನಮ್ಮಲ್ಲಿ ಇನ್ನೂ ಹೆಚ್ಚು ಮುಖ್ಯ. ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರದಲ್ಲಿ ಪದವಿ ಪಡೆದ ವೈದ್ಯರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು, ಆ ಸಂಖ್ಯೆಯನ್ನು ಕೇಳುವ ಹಕ್ಕು ನಿಮಗಿದೆ. ಕೌನ್ಸೆಲರ್ ಅಥವಾ ಥೆರಪಿಸ್ಟ್ ಎಂಬ ಫಲಕವನ್ನಾದರೋ ವಾರಾಂತ್ಯದ ಕೋರ್ಸ್ ಮಾಡಿದವರೂ ಹಾಕಿಕೊಂಡಿರುವುದನ್ನು ನಾನು ಕಂಡಿದ್ದೇನೆ. ಭಾಗಗಳೊಡನೆ ಕೆಲಸ ಮಾಡುವ ವಿಧಾನಕ್ಕೆ ಹಂತ ಹಂತದ ತರಬೇತಿಯಿದೆ, ಆದರೆ ಆ ಪ್ರಮಾಣಪತ್ರ ಮೂಲ ವಿದ್ಯಾರ್ಹತೆಗೆ ಬದಲಿಯಲ್ಲ. ಹಾಗೆಯೇ ವಿದ್ಯಾರ್ಹತೆಯೊಂದೇ ಸಾಲದು ಎಂಬುದನ್ನು ಇವರ ಎರಡನೆಯ ಅನುಭವ ತೋರಿಸುತ್ತದೆ. ಚಿಕಿತ್ಸಕರ ಮತ್ತು ಚಿಕಿತ್ಸೆಗೆ ಬಂದವರ ನಡುವಿನ ಬಾಂಧವ್ಯ ಗಟ್ಟಿಯಾಗಿದ್ದಷ್ಟೂ ಫಲಿತಾಂಶ ಉತ್ತಮವಾಗಿರುತ್ತದೆ ಎಂಬುದು, 295 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದರಲ್ಲಿ ಚಿಕಿತ್ಸಾ ವಿಧಾನ ಯಾವುದೇ ಇರಲಿ ಕಂಡುಬಂದ ಸಂಗತಿ.

ಕನ್ನಡದ ಪ್ರಶ್ನೆಯೂ ಸೌಜನ್ಯಕ್ಕೆ ಕೇಳಿದ್ದಲ್ಲ. ಕಚೇರಿಯಲ್ಲಿ ದಿನವಿಡೀ ಇಂಗ್ಲಿಷ್ ಆಡುವ ಈ ಮಹಿಳೆ ಎರಡನೆಯ ಚಿಕಿತ್ಸಕರ ಬಳಿ ಇಂಗ್ಲಿಷಿನಲ್ಲೇ ಎಲ್ಲವನ್ನೂ ಹೇಳಿದ್ದರು. "ಇಂಗ್ಲಿಷಲ್ಲಿ ಹೇಳ್ಬೇಕಾದ್ರೆ ಯಾರದೋ ಕಥೆ ಹೇಳಿದ ಹಾಗಿತ್ತು. ಅಟ್ಟಕ್ಕೆ ಇಂಗ್ಲಿಷ್ ಬರಲ್ಲ" ಎಂದರು.

ಒಂದು ಮನಸ್ಸು, ಇನ್ನೊಂದು ಮನಸ್ಸು

ಮೊದಲ ಮೂರು ಭೇಟಿಗಳನ್ನು ಪರಿಶೀಲನೆಗೆ ಮೀಸಲಿಟ್ಟೆ. ಆಘಾತೋತ್ತರ ಒತ್ತಡವನ್ನು ಅಳೆಯುವ 20 ಪ್ರಶ್ನೆಗಳ ಪಿಸಿಎಲ್-5 ಪಟ್ಟಿಯಲ್ಲಿ ಅವರ ಅಂಕ, ಸಾಮಾನ್ಯವಾಗಿ ಗಡಿಯೆಂದು ಎಣಿಸುವ 31ರಿಂದ 33ಕ್ಕಿಂತ ಬಹಳ ಮೇಲಿತ್ತು. ದೀರ್ಘಕಾಲದ, ತಪ್ಪಿಸಿಕೊಳ್ಳಲಾಗದ ಹಿಂಸೆಯ ನಡುವೆ ಬೆಳೆದವರಲ್ಲಿ ಕಾಣುವ, ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವಾದ ಐಸಿಡಿ-11 ಪ್ರತ್ಯೇಕವಾಗಿ ಗುರುತಿಸಿರುವ ಸಂಕೀರ್ಣ ಸ್ವರೂಪದ ಲಕ್ಷಣಗಳು ಇದ್ದವು: ಭಾವನೆಗಳ ಮೇಲೆ ಹಿಡಿತ ತಪ್ಪುವುದು, ತಾನು ಯಾವುದಕ್ಕೂ ಬಾರದವಳು ಎಂಬ ಬೇರೂರಿದ ಭಾವ, ಆಪ್ತರಿಂದಲೂ ದೂರ ಸರಿಯುವುದು. ಆತ್ಮಹತ್ಯೆಯ ಯೋಚನೆ ಇರಲಿಲ್ಲ. ಹೊಗೆಯಾಡುವ ಮಧ್ಯಾಹ್ನಗಳ ಬಗ್ಗೆ ವಿಶೇಷವಾಗಿ ವಿಚಾರಿಸಿದೆ, ಏಕೆಂದರೆ ತೀವ್ರವಾದ ವಿಘಟನೆ (ಅರಿವು, ನೆನಪು, ತಾನೆಂಬ ಭಾವ ಒಂದರಿಂದೊಂದು ಕಳಚಿಕೊಳ್ಳುವುದು) ಅಥವಾ ಭ್ರಮೆಯ ಲಕ್ಷಣಗಳಿದ್ದಲ್ಲಿ ಭಾಗಗಳ ಮಾತು ಹಿತಕ್ಕಿಂತ ಅಹಿತವನ್ನೇ ಮಾಡಬಹುದು. ಮನೋವೈದ್ಯರೊಬ್ಬರು ಪರೀಕ್ಷಿಸಿ, ಖಿನ್ನತೆ ಮತ್ತು ನಿದ್ದೆಗೆ ಔಷಧಿ ಆರಂಭಿಸಿದರು. ಅದು ಒಂದು ವರ್ಷ ಮುಂದುವರಿಯಿತು, ಮತ್ತು ಚಿಕಿತ್ಸೆಯ ಕೀರ್ತಿಯಲ್ಲಿ ಅದರ ಪಾಲನ್ನು ಮರೆಯುವಂತಿಲ್ಲ.

ಭಾಗಗಳ ವಿಧಾನವನ್ನು ಆರಿಸಿಕೊಳ್ಳಲು ಅವರ ಮಾತೇ ಕಾರಣವಾಯಿತು. ಎರಡನೆಯ ಭೇಟಿಯಲ್ಲಿ ಅವರು ಹೀಗೆಂದರು: "ಒಂದು ಮನಸ್ಸು ಎಲ್ಲಾ ಹೇಳಿಬಿಡು ಅನ್ನುತ್ತೆ. ಇನ್ನೊಂದು ಮನಸ್ಸು ಬಾಯಿ ಬಿಟ್ರೆ ನೋಡು ಅನ್ನುತ್ತೆ. ಮತ್ತೊಂದು, ಇವೆಲ್ಲ ಬಿಟ್ಟು ಮನೆಗೆ ಹೋಗಿ ಮಲಗು ಅನ್ನುತ್ತೆ." ನಾವು ಕನ್ನಡಿಗರು ದಿನವೂ ಹೀಗೆಯೇ ಮಾತಾಡುತ್ತೇವೆ, ಮನಸ್ಸು ಒಂದೇ ಎಂದು ನಮ್ಮ ಭಾಷೆ ಎಂದೂ ಹಟ ಹಿಡಿದಿಲ್ಲ.

1980ರ ದಶಕದಲ್ಲಿ ಶಿಕಾಗೋದಲ್ಲಿ ಕೌಟುಂಬಿಕ ಚಿಕಿತ್ಸಕರಾಗಿದ್ದ ರಿಚರ್ಡ್ ಶ್ವಾರ್ಟ್ಸ್ ಅವರ ಕಿವಿಗೆ ಬಿದ್ದದ್ದೂ ಇಂಥದೇ ಮಾತು. ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾದಿಂದ ಬಳಲುತ್ತಿದ್ದ ಯುವತಿಯರು, ತಮ್ಮೊಳಗೆ ಒಂದು ಭಾಗ ತಿನ್ನು ಎನ್ನುತ್ತದೆ, ಇನ್ನೊಂದು ಹೀಗಳೆಯುತ್ತದೆ ಎಂದು ವಿವರಿಸುತ್ತಿದ್ದರು. ಒಂದು ಕುಟುಂಬದ ಸದಸ್ಯರು ಪರಸ್ಪರ ನಡೆದುಕೊಳ್ಳುವಂತೆಯೇ ಈ ಭಾಗಗಳೂ ನಡೆದುಕೊಳ್ಳುತ್ತವೆ ಎಂದು ಗಮನಿಸಿದ ಅವರು ರೂಪಿಸಿದ ವಿಧಾನವೇ ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್, ಚಿಕ್ಕದಾಗಿ ಐಎಫ್‌ಎಸ್. ಅದರ ಪ್ರಕಾರ, ನೋವು, ನಾಚಿಕೆ, ಭಯಗಳನ್ನು ಹೊತ್ತ ಎಳೆಯ ಭಾಗಗಳನ್ನು ಮನಸ್ಸು ಒಳಗೆಲ್ಲೋ ಗಡೀಪಾರು ಮಾಡಿಟ್ಟಿರುತ್ತದೆ. ಅವು ಹೊರಬರದಂತೆ ನೋಡಿಕೊಳ್ಳುವ ಕಾವಲುಗಾರರಲ್ಲಿ ಎರಡು ಬಗೆ: ದಿನನಿತ್ಯ ಎಲ್ಲವನ್ನೂ ಹತೋಟಿಯಲ್ಲಿಡುವ ನಿರ್ವಾಹಕರು ಮತ್ತು ನೋವು ಉಕ್ಕಿದಾಗ ಹಿಂದುಮುಂದು ನೋಡದೆ ನುಗ್ಗಿ ಬೆಂಕಿ ಆರಿಸುವವರು. ಇವೆಲ್ಲದರ ನಡುವೆ ಗಾಯಗೊಳ್ಳದ, ಶಾಂತವಾದ, ಕುತೂಹಲ ಮತ್ತು ಕರುಣೆಯುಳ್ಳ ಒಂದು ನೆಲೆ ಪ್ರತಿಯೊಬ್ಬರಲ್ಲೂ ಇರುತ್ತದೆ. ಚಿಕಿತ್ಸೆಯೆಂದರೆ ಆ ನೆಲೆಯಿಂದ, ಕಾವಲುಗಾರರ ಅನುಮತಿ ಪಡೆದು, ಗಡೀಪಾರಾದವರನ್ನು ಮನೆಗೆ ಕರೆತರುವುದು.

ಕನ್ನಡದಲ್ಲಿ ಇದನ್ನು ನಡೆಸುವಾಗ ಪದಗಳ ವಿಷಯದಲ್ಲಿ ಎಡವಿದೆವು. ಭಾಗ ಎಂದೊಡನೆ ಅವರಿಗೆ ನೆನಪಾದದ್ದು ಚಿಕ್ಕಪ್ಪಂದಿರ ಜಮೀನಿನ ಭಾಗ, ಪಂಚಾಯಿತಿ, ಮುರಿದ ಮಾತುಕತೆ. ನಾವು ಮಾಡಹೊರಟಿದ್ದು ಅದರ ಪೂರ್ತಿ ವಿರುದ್ಧವಾದ ಕೆಲಸ. ಹಾಗಾಗಿ "ಮನಸ್ಸು" ಎಂದೇ ಕರೆದೆವು, ಅಥವಾ ಅವರು ಕೊಟ್ಟ ಅಡ್ಡಹೆಸರುಗಳಿಂದ ಕರೆದೆವು. ನಡುವಿನ ಶಾಂತ ನೆಲೆಯನ್ನು ಆತ್ಮವೆಂದರೆ ವೇದಾಂತದ ಭಾರ ಬರುತ್ತದೆ. ಮನೆಯ ಯಜಮಾನ ಎಂದಾಗ ಅವರ ಭುಜಗಳು ಬಿಗಿದವು, ಅವರ ಮನೆಯಲ್ಲಿ ಯಜಮಾನ ಯಾರಾಗಿದ್ದರೆಂಬುದು ನನಗೆ ಆಗ ಹೊಳೆಯಿತು. ಕಡೆಗೆ ಅವರೇ "ದೊಡ್ಡವಳು" ಎಂಬ ಪದ ತಂದರು. ಇನ್ನೊಂದು ತೊಡಕೂ ಇತ್ತು. ಒಳಗೆ ಯಾರೋ ಮಾತಾಡುತ್ತಾರೆ ಎಂಬುದನ್ನು ಅವರ ತಾಯಿ ಕೇಳಿಸಿಕೊಂಡು, ಮೈಮೇಲೆ ಬಂದಿದೆಯೇನೋ ಎಂದು ಹೆದರಿದರು. ಇದು ಹೊರಗಿನಿಂದ ಬಂದದ್ದಲ್ಲ, ಇವೆಲ್ಲವೂ ನಿಮ್ಮ ಮಗಳೇ ಎಂದು ತಾಯಿಗೆ ವಿವರಿಸಲು ಒಂದು ಭೇಟಿಯನ್ನೇ ಕೊಟ್ಟೆ. ಅದು ವ್ಯರ್ಥವಾಗಲಿಲ್ಲ.

ಲೆಕ್ಕದವಳು ಮತ್ತು ಕಿಚ್ಚು

ಮೊದಲು ಎದುರಾದವಳು ಲೆಕ್ಕದವಳು. ಮನೆಯ ಖರ್ಚು, ಮಗನ ಶಾಲೆಯ ಚೀಟಿ, ಡಬ್ಬಗಳ ಸಾಲು, ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಎಲ್ಲವೂ ಅವಳ ಕೈಯಲ್ಲಿ. ಮೊದಲ ಭೇಟಿಯಲ್ಲಿ ನನಗೆ ಕಂಡ ಸಮತೋಲನವೂ ಅವಳದೇ. ನನ್ನ ಕೋಣೆಯಲ್ಲಿ ಅವಳ ಕೆಲಸ ಕಣ್ಣಿಗೆ ಕಾಣುವಂತಿತ್ತು: ಮಾತು ಕಠಿಣವಾದ ಕೂಡಲೇ ಆ ಮಹಿಳೆಯ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಹಿರಿಯರು ಜಪಕ್ಕೆ ಎಣಿಸುವ ಹಾಗೆ, ಗಂಟಿಗೊಂದು.

ಎರಡನೆಯದಕ್ಕೆ ಕಿಚ್ಚು ಎಂದು ಹೆಸರಿಟ್ಟರು. ಹಾಲು ಚೆಲ್ಲಿದಾಗ ಕೈ ಎತ್ತಿಸಿದ್ದು ಅದೇ. ಅದರ ಬಗ್ಗೆ ಅವರಿಗೆ ಅಸಹ್ಯವಿತ್ತು, "ಅದು ನಮ್ಮಪ್ಪ" ಎನ್ನುತ್ತಿದ್ದರು. ಈ ವಿಧಾನದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಆ ಭಾಗದ ಬಗ್ಗೆ ಈಗ ನಿಮಗೆ ಏನೆನಿಸುತ್ತದೆ? ಉತ್ತರ ಅಸಹ್ಯವೆಂದಾದರೆ, ಮಾತಾಡುತ್ತಿರುವುದು ದೊಡ್ಡವಳಲ್ಲ, ಇನ್ನೊಂದು ಕಾವಲು. ಆ ಅಸಹ್ಯಕ್ಕೆ ಸ್ವಲ್ಪ ಹಿಂದೆ ಸರಿದು ಕೂರಲು ಕೇಳಿಕೊಳ್ಳಬೇಕು. ಕಿಚ್ಚಿನ ಬಗ್ಗೆ ಅವರಿಗೆ ಕುತೂಹಲ ಹುಟ್ಟಲು ಐದು ವಾರ ಹಿಡಿಯಿತು. ಆ ಕುತೂಹಲ ಮೂಡಿದ ದಿನ, ನೀನು ಕೆಲಸ ನಿಲ್ಲಿಸಿದರೆ ಏನಾಗುತ್ತದೆಂದು ನಿನಗೆ ಭಯ ಎಂದು ಕಿಚ್ಚನ್ನು ಕೇಳಿಸಿದೆ. ಬಹಳ ಹೊತ್ತಿನ ಮೌನದ ನಂತರ ಉತ್ತರ ಬಂತು: "ಯಾರೂ ಅಮ್ಮನ ಕಡೆ ನಿಲ್ಲಲ್ಲ." ಅಪ್ಪನ ಪ್ರತಿಬಿಂಬವೆಂದು ಅವರು ಮೂವತ್ತು ವರ್ಷ ದೂರವಿಟ್ಟಿದ್ದ ಸಿಟ್ಟು, ಅಪ್ಪನ ವಿರುದ್ಧ ಎದ್ದು ನಿಲ್ಲಲು ಆಗದೆ ಹೋದ ಮಗುವಿನ ಸಿಟ್ಟಾಗಿತ್ತು. ಅವರು ಓದಿ ತಿದ್ದಿಸಿದ ಮೊದಲ ಸಾಲು ಇದೇ. "ಬೇಸರ" ಎಂದು ಬರೆದಿದ್ದೆ. "ಬೇಸರ ಅಲ್ಲ, ಕೊಲ್ಲುವಷ್ಟು ಸಿಟ್ಟು ಅಂತ ಬರೀರಿ" ಎಂದರು. ಆ ಸಿಟ್ಟು ಯಾರನ್ನೂ ಕೊಲ್ಲಲಿಲ್ಲ. ಅದಕ್ಕೊಂದು ಜಾಗ ಸಿಕ್ಕ ವಾರದಿಂದ ಮಗನ ಮೇಲೆ ಕೈ ಏಳಲಿಲ್ಲ.

ಎರಡನೆಯ ತಿದ್ದುಪಡಿ ಒಂಬತ್ತನೆಯ ಭೇಟಿಗೆ ಸಂಬಂಧಿಸಿದ್ದು. ಕಿಚ್ಚು ದಾರಿ ಬಿಟ್ಟಿತ್ತು, ಅಟ್ಟದ ಮೇಲಿನ ಹುಡುಗಿ ಮಸುಕಾಗಿ ಕಾಣತೊಡಗಿದ್ದಳು. ನಾನು ಆತುರಪಟ್ಟೆ. ಲೆಕ್ಕದವಳನ್ನು ಮತ್ತೊಮ್ಮೆ ಕೇಳದೆ, ಹುಡುಗಿಯ ಹತ್ತಿರ ಹೋಗಲು ಹೇಳಿದೆ. ಹೆಬ್ಬೆರಳು ಗಕ್ಕನೆ ನಿಂತಿತು. ಬಲಗೈ ಮರಗಟ್ಟಿದಂತಾಗಿ, ದೃಷ್ಟಿ ಗೋಡೆಯ ಗಡಿಯಾರದಲ್ಲಿ ನೆಟ್ಟಿತು. ಕಾಲು ನೆಲಕ್ಕೆ ಊರಿಸಿ, ಕೋಣೆಯಲ್ಲಿರುವ ವಸ್ತುಗಳ ಹೆಸರು ಹೇಳಿಸಿ, ಅವರನ್ನು ಮರಳಿ ಈ ಹೊತ್ತಿಗೆ ಕರೆತರಲು ಇಪ್ಪತ್ತು ನಿಮಿಷ ಬೇಕಾಯಿತು. ಮುಂದಿನ ವಾರ ಅವರು ಬರಲಿಲ್ಲ. ಎರಡನೆಯ ಚಿಕಿತ್ಸಕರು ಮಾಡಿದ್ದನ್ನೇ, ಅದು ತಪ್ಪೆಂದು ತಿಳಿದಿದ್ದ ನಾನು ಮಾಡಿದ್ದೆ.

ಅವರಿಗೆ ಚಿಕ್ಕ ಸಂದೇಶ ಕಳುಹಿಸಿ, ತಪ್ಪು ನನ್ನದು, ಬರುವುದು ಬಿಡುವುದು ನಿಮ್ಮಿಚ್ಛೆ ಎಂದು ತಿಳಿಸಿದೆ. ನನ್ನ ಕೆಲಸವನ್ನು ಪರಿಶೀಲಿಸುವ ಹಿರಿಯರ ಮುಂದೆಯೂ ಇದನ್ನು ಇಟ್ಟೆ. ಎರಡು ವಾರಗಳ ನಂತರ ಬಂದರು. ಅಂದಿನ ಇಡೀ ಗಂಟೆ ಲೆಕ್ಕದವಳಿಗೆ ಮೀಸಲಾಯಿತು. ನಿನ್ನನ್ನು ಕೇಳದೆ ಮುಂದೆ ಹೋದೆ, ಕ್ಷಮಿಸು ಎಂದು ನಾನು ನೇರವಾಗಿ ಅವಳಿಗೆ ಹೇಳಿದೆ. ಇಷ್ಟು ವರ್ಷ ಎಣಿಸುತ್ತಿದ್ದೀಯಲ್ಲ, ಎಣಿಸಲು ಶುರುಮಾಡಿದ್ದು ಎಲ್ಲಿ ಎಂದು ಕೇಳಿದೆ.

ಅಟ್ಟದ ಮೇಲೆ ಎಂದಳು. ಮೂಟೆಗಳ ಹಿಂದಿನಿಂದ ಮೇಲೆ ನೋಡಿದರೆ ಮಂಗಳೂರು ಹೆಂಚುಗಳ ಸಾಲುಗಳು. ಕೆಳಗಿನ ಸದ್ದು ಕೇಳದಿರಲಿ ಎಂದು ಎರಡೂ ಕಿವಿಗೆ ಬೆರಳಿಟ್ಟು, ಹೆಂಚುಗಳನ್ನು ಎಣಿಸುವುದು. ನಡುವೆ ಗಾಜಿನ ಹೆಂಚು ಬಂದರೆ ಮತ್ತೆ ಒಂದರಿಂದ ಆರಂಭ. ಎಣಿಕೆ ತಪ್ಪದಿದ್ದರೆ ಅಮ್ಮ ಬದುಕಿರುತ್ತಾಳೆ ಎಂಬುದು ಎಂಟು ವರ್ಷದ ಹುಡುಗಿ ತನ್ನೊಡನೆ ಮಾಡಿಕೊಂಡ ಕರಾರು. ಲೆಕ್ಕದವಳು ಎಂದು ನಾವು ಕರೆಯುತ್ತಿದ್ದವಳಿಗೂ ಎಂಟೇ ವರ್ಷ. ಕಾವಲುಗಾರ್ತಿಯೂ ಮಗುವೇ ಆಗಿದ್ದಳು.

ಅದನ್ನು ಕೇಳಿದ ಮೇಲೆ ನಾನು ಮುಂದೆ ತಳ್ಳುವ ಪ್ರಶ್ನೆಯೇ ಇರಲಿಲ್ಲ. ಮೂರು ಭೇಟಿಗಳ ನಂತರ ಅನುಮತಿಯನ್ನು ಲೆಕ್ಕದವಳೇ ಕೊಟ್ಟಳು, ಒಂದು ಷರತ್ತಿನೊಂದಿಗೆ: ಗಡಿಯಾರ ಕಾಣುವಂತಿರಬೇಕು, ಹತ್ತು ನಿಮಿಷಕ್ಕೊಮ್ಮೆ ಸಮಯ ಹೇಳಬೇಕು. ಹಾಗೆಯೇ ಮಾಡಿದೆವು.

ಅಟ್ಟದ ಮೇಲಿನ ಇನ್ನೊಬ್ಬ ಹುಡುಗಿಯ ಬಳಿ ದೊಡ್ಡವಳು ಹೋದಾಗ ಅವಳು ಹೊತ್ತಿದ್ದ ಹೊರೆ ಏನೆಂದು ತಿಳಿಯಿತು. ಒಂದು ರಾತ್ರಿ ಅವಳ ಕಾಲು ತಾಕಿ ಅಟ್ಟದಿಂದ ತಗಡಿನ ಡಬ್ಬವೊಂದು ಕೆಳಗೆ ಬಿದ್ದಿತ್ತು. ಮಲಗಲು ಹೊರಟಿದ್ದ ಅಪ್ಪ ತಿರುಗಿ ಬಂದಿದ್ದರು. ಅಂದು ಅಮ್ಮನ ಮುಂಗೈ ಮುರಿದಿತ್ತು. ನನ್ನ ಸದ್ದಿನಿಂದ ಅಮ್ಮನ ಕೈ ಮುರಿಯಿತು ಎಂಬ ಆ ಒಂದು ವಾಕ್ಯ ಸಭೆಗಳಲ್ಲಿ ಬಾಯಿ ಕಟ್ಟಿತ್ತು, ರಾತ್ರಿ ಎರಡಕ್ಕೆ ಡಬ್ಬಗಳನ್ನು ಒರೆಸಿ ಸರಿಯಾಗಿ ಜೋಡಿಸುವಂತೆ ಮಾಡಿತ್ತು. ಈ ನಂಟನ್ನು ನಾನು ತೋರಿಸಿಕೊಡಲಿಲ್ಲ. ಅವರೇ ಕಣ್ಣು ತೆರೆದು "ಡಬ್ಬ" ಎಂದರು, ಬಹಳ ಹೊತ್ತು ಅತ್ತರು. ನನ್ನೆದುರು ಅವರು ಅತ್ತದ್ದು ಅದೇ ಮೊದಲು.

ಹೊರೆ ಇಳಿಸುವುದು ಈ ವಿಧಾನದ ಮುಖ್ಯ ಘಟ್ಟ. ಹುಡುಗಿಗೆ ಬೇಕಾದುದನ್ನು ದೊಡ್ಡವಳು ಮಾಡಬೇಕು, ನಾನಲ್ಲ. ದೊಡ್ಡವಳು ಏಣಿ ಹತ್ತಿ, ಪಕ್ಕದಲ್ಲಿ ಕುಳಿತು, ಡಬ್ಬ ಬಿದ್ದದ್ದಕ್ಕೆ ಕೈ ಮುರಿಯುವುದಿಲ್ಲ, ಹೊಡೆದದ್ದಕ್ಕೆ ಮುರಿಯುತ್ತದೆ ಎಂದಳು. ಹುಡುಗಿ ನಂಬಲಿಲ್ಲ. ಮತ್ತೆ ಹೇಳಿದಳು. ಮೂರನೆಯ ವಾರ ನಂಬಿದಳು. ಹೊರೆಯನ್ನು ಎಲ್ಲಿ ಬಿಡುವಿರಿ ಎಂದಾಗ, ಊರ ಕೆರೆ ತುಂಬಿ ಕೋಡಿ ಬಿದ್ದಾಗ ಅದರ ನೀರಿನಲ್ಲಿ ಎಂದರು. ಆ ಊರಿನಲ್ಲಿ ಕೆರೆ ಕೋಡಿ ಬಿದ್ದದ್ದನ್ನು ಅವರು ಬಾಲ್ಯದಲ್ಲಿ ಎರಡೇ ಸಲ ಕಂಡಿದ್ದರು, ಎರಡೂ ಹಬ್ಬದ ದಿನಗಳಂತಿದ್ದವು. ಹುಡುಗಿಯನ್ನು ಅಟ್ಟದಿಂದ ಇಳಿಸಿ ಈಗಿನ ಮನೆಗೆ, ಮಗನ ಕೋಣೆಯ ಕಿಟಕಿಯ ಪಕ್ಕಕ್ಕೆ ಕರೆತಂದರು.

ಇಷ್ಟು ಬರೆದ ಮೇಲೆ ಪುರಾವೆಯ ಮಿತಿಯನ್ನೂ ಹೇಳಲೇಬೇಕು, ಏಕೆಂದರೆ ಇಂಥ ದೃಶ್ಯಗಳು ಓದುಗರನ್ನು ಸುಲಭವಾಗಿ ಒಲಿಸಿಕೊಳ್ಳುತ್ತವೆ. ಐಎಫ್‌ಎಸ್ ಕುರಿತ ಗಟ್ಟಿ ಅಧ್ಯಯನಗಳು ಇನ್ನೂ ಕಡಿಮೆ. 2013ರಲ್ಲಿ ಪ್ರಕಟವಾದ, ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಹೋಲಿಸುವ ಯಾದೃಚ್ಛಿಕ ಪ್ರಯೋಗವೊಂದು ನಡೆದದ್ದು ಸಂಧಿವಾತದ ರೋಗಿಗಳಲ್ಲಿ. ಬಾಲ್ಯದ ಹಲವು ಆಘಾತಗಳನ್ನು ಅನುಭವಿಸಿದ ವಯಸ್ಕರಲ್ಲಿ ನಡೆದ ಆರಂಭಿಕ ಅಧ್ಯಯನದ ಫಲಿತಾಂಶ ಭರವಸೆ ಹುಟ್ಟಿಸುವಂತಿದ್ದರೂ, ಅದರಲ್ಲಿದ್ದವರು 17 ಮಂದಿ, ಹೋಲಿಕೆಯ ಗುಂಪು ಇರಲಿಲ್ಲ. ಇನ್ನು, ಕಣ್ಣು ಮುಚ್ಚಿ ಒಳಗೆ ಕಂಡದ್ದೆಲ್ಲ ನಡೆದ ಸಂಗತಿಯೇ ಆಗಿರಬೇಕಿಲ್ಲ. ಚಿಕಿತ್ಸಕರ ಸೂಚನೆಯಿಂದ ಇಲ್ಲದ ನೆನಪು ಹುಟ್ಟುವ ಅಪಾಯ ನಿಜವಾದದ್ದು. ಆದ್ದರಿಂದ ನಾನು ನೆನಪಿನೊಳಗೆ ಏನಿರಬಹುದೆಂದು ಎಂದೂ ಸೂಚಿಸುವುದಿಲ್ಲ. ಈ ಪ್ರಕರಣದಲ್ಲಿ ಮುಂಗೈ ಮುರಿದ ರಾತ್ರಿ ಅವರು ಎಂದೂ ಮರೆತಿರದ ರಾತ್ರಿ. ಮರೆತದ್ದು ಡಬ್ಬವನ್ನೂ ಅಲ್ಲ, ಡಬ್ಬಕ್ಕೂ ತಮ್ಮ ಮೌನಕ್ಕೂ ಇದ್ದ ನಂಟನ್ನು. ಇವೆಲ್ಲವನ್ನೂ ಮೊದಲ ತಿಂಗಳಲ್ಲೇ ಅವರ ಮುಂದಿಟ್ಟು, ಹೆಚ್ಚು ಪುರಾವೆಯಿರುವ ವಿಧಾನಗಳೂ ಇವೆ, ಅವುಗಳಲ್ಲಿ ನುರಿತವರ ಬಳಿ ಕಳುಹಿಸಬಲ್ಲೆ ಎಂದಿದ್ದೆ. ಆರಿಸಿಕೊಂಡವರು ಅವರು.

ಒಟ್ಟು 38 ಭೇಟಿಗಳು, ಸುಮಾರು ಹದಿನಾಲ್ಕು ತಿಂಗಳು. ಕೊನೆಯ ಹೊತ್ತಿಗೆ ಪಿಸಿಎಲ್-5 ಅಂಕ ಗಡಿಯ ಕೆಳಗಿಳಿದಿತ್ತು. ಡಬ್ಬಗಳು ಭಾನುವಾರ ಬೆಳಿಗ್ಗೆ ಮಾತ್ರ ಇಳಿಯುತ್ತವೆ. ಗೇಟಿನ ಸದ್ದಿನ ವಿಷಯದಲ್ಲಿ ನೆರವಾದದ್ದು ಒಳಗಿನ ಕೆಲಸವಷ್ಟೇ ಅಲ್ಲ: ಗಂಡ ಬೀದಿ ತಿರುವಿಗೆ ಬಂದೊಡನೆ ಫೋನಿನಲ್ಲಿ ಒಂದು ರಿಂಗ್ ಕೊಟ್ಟು, ಗೇಟಿನ ಬಳಿ ನಿಂತು ತಮ್ಮ ಹೆಸರು ಹೇಳಿ ಒಳಗೆ ಬರುವ ಅಭ್ಯಾಸ ಮಾಡಿಕೊಂಡರು. ಚಿಲಕಕ್ಕೆ ರಬ್ಬರಿನ ಪಟ್ಟಿ ಅಂಟಿಸಿದ್ದೂ ಅವರೇ. ಸಭೆಗಳಲ್ಲಿ ಮಾತಾಡುವುದು ಇನ್ನೂ ಕಷ್ಟವಾಗಿದೆ. ಮಧ್ಯಾಹ್ನದ ಹೊಗೆ ತಿಂಗಳಿಗೊಮ್ಮೆ ಬರುತ್ತದೆ. ಆ ಹೊಗೆಯ ಬಳಿಗೆ ನಾವು ಹೋಗಲೇ ಇಲ್ಲ, ಅದು ಅನುಮತಿ ಕೊಟ್ಟಿಲ್ಲ.

ವೆಚ್ಚದ ಬಗ್ಗೆ ಹೇಳದಿದ್ದರೆ ಈ ವರದಿ ಅರೆಬರೆಯಾಗುತ್ತದೆ. 38 ಭೇಟಿಗಳ ಶುಲ್ಕವನ್ನು ಭರಿಸಲು ಎಲ್ಲರಿಗೂ ಆಗದು, ಕಡೆಯ ಹತ್ತು ಭೇಟಿಗಳಿಗೆ ಇವರಿಗೂ ಆಗಲಿಲ್ಲ, ಶುಲ್ಕ ಇಳಿಸಿಕೊಂಡೆವು. ಬೆಂಗಳೂರಿನಲ್ಲಿರುವವರಿಗೆ ನಿಮ್ಹಾನ್ಸ್ ಇದೆ, ಬಿಟಿಎಂ ಬಡಾವಣೆಯಲ್ಲಿ ಅದರದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಬೇರೆ ಊರುಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕ ಮನೋವೈದ್ಯರನ್ನು ಕಾಣಬಹುದು. ದೇಶಕ್ಕೆಲ್ಲ ಹರಡಿದ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ವರ್ಷಗಟ್ಟಲೆ ನಡೆಯುವ ಚಿಕಿತ್ಸೆ ಸಿಗುವುದಿಲ್ಲ, ಆದರೆ ಯಾರ ಬಳಿ ಹೋಗಬೇಕೆಂಬ ದಾರಿ ತಿಳಿಯುತ್ತದೆ.

ಕೊನೆಯ ಭೇಟಿಗೆ ಸ್ವಲ್ಪ ಮೊದಲು ಊರಿನಿಂದ ಸುದ್ದಿ ಬಂದಿತ್ತು: ತಂದೆಗೆ ಪಾರ್ಶ್ವವಾಯು, ಮಾತು ಹೋಗಿದೆ. ಹೋಗಬೇಕೇ ಬೇಡವೇ ಎಂದು ಅವರು ನನ್ನನ್ನು ಕೇಳಲಿಲ್ಲ, ಒಳಗೆ ಕೇಳಿಕೊಂಡರು. ಕಿಚ್ಚು ಬೇಡವೆಂದಿತು. ಕಿಟಕಿಯ ಬಳಿಯ ಹುಡುಗಿಗೆ ಅಮ್ಮನನ್ನು ನೋಡಬೇಕೆನಿಸಿತು. ಬೆಳಿಗ್ಗೆಯ ಬಸ್ಸಿಗೆ ಹೋಗುವುದು, ಹುಡುಗಿಯನ್ನು ಮಗನ ಕೋಣೆಯಲ್ಲೇ ಬಿಟ್ಟು ದೊಡ್ಡವಳು ಮಾತ್ರ ಹೋಗುವುದು, ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂರುವುದು, ಅಪ್ಪನ ಕೋಣೆಗೆ ಹೋದರೆ ಬಾಗಿಲು ತೆರೆದೇ ಇರಬೇಕು ಎಂದು ತೀರ್ಮಾನವಾಯಿತು. ಕಡೆಯ ಷರತ್ತು ಲೆಕ್ಕದವಳದು. ಅವರು ಫೋನ್ ತೆಗೆದು ನನಗೆ ತೋರಿಸಿದರು: ಅದೇ ದಿನ ಸಂಜೆ 5.40ರ ಬಸ್ಸಿಗೆ, ಕಿಟಕಿಯ ಪಕ್ಕದ ಸೀಟಿಗೆ, ವಾಪಸ್ ಟಿಕೆಟ್.